ಹೂಂ ಅನ್ನುವ ತನಕ

ನಮ್ಮ ಮಾಮಾ ಮುಂಬೈಗೆ ಬಂದದ್ದು ಒಂದೇ ಸಲ. ಆದರೆ ಇಲ್ಲಿಂದ ಹೊರಟದ್ದು ಲೆಕ್ಕವಿಲ್ಲದಷ್ಟು ಸಲ! ನಂಬಿಕೆ ಬಾರದಿದ್ದರೆ ಸಯನ್‌ನ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ನನ್ನು ಕೇಳಿ.

ಮಾಮಾ ಅಂದರೆ ನನ್ನ ಅವ್ವನ ಅಣ್ಣ. ಬನಹಟ್ಟಿಯ ಸಾಹುಕಾರರೊಬ್ಬರ ಮಗ್ಗದ ಬಟ್ಟೆಗೆ ಊರೂರು ತಿರುಗಿ ಗಿರಾಕಿ ಹುಡುಕುವುದು ಅವರ ಕೆಲಸ. ಮಿರಜ್, ಕೊಲ್ಹಾಪುರ, ಸೊಲ್ಲಾಪುರವೆಲ್ಲ ಅವರಿಗೆ ನಮ್ಮ ಅಡುಗೆಮನೆಯಿಂದ ಬಾಲ್ಕನಿಗೆ ಬಂದಷ್ಟು ಸಲೀಸು. ಮುಂಬೈ ಮಾತ್ರ ಹೊಸದು. ಪರೇಲಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹಾಸಿಗೆಯ ಚಾದರ ಬೇಕಾಗಿವೆ ಎಂಬ ಸುದ್ದಿ ಹಿಡಿದು, ಸ್ಯಾಂಪಲ್ ಚೀಲ ಹೆಗಲಿಗೇರಿಸಿ ಬಂದಿಳಿದರು. ಹೊರಡುವಾಗ ಸಾಹುಕಾರರು ಖಡಾಖಂಡಿತ ಹೇಳಿದ್ದರಂತೆ: "ಈ ಆರ್ಡರ್ ಆತಂದ್ರ ಮುಂಬೈ ಲೈನ್ ನಿನಗ. ಆಗಲಿಲ್ಲಂದ್ರ ಸಾಕು ತಿರುಗಾಟ. ಅಂಗಡಿಯೊಳಗ ಕುಂತು ಬಟ್ಟಿ ಮಡಚು."

ಮಾಮಾನ ಮೊಣಕಾಲುಗಳು ಯಾವತ್ತೋ ಅಂಗಡಿಯ ಪರ ಮತ ಹಾಕಿಬಿಟ್ಟಿದ್ದವು. ಮೆಟ್ಟಿಲು ಕಂಡರೆ ಮುಖ ಕಿವುಚುತ್ತಿದ್ದರು. ಆದರೂ ಅವ್ವನ ಹತ್ತಿರ, "ಕುಂತ್ರ ನಾ ಮುಗದಂಗ ನೋಡು ತಂಗಿ. ಹೊರಡೂದೊಂದ ನನಗ ಬರೂ ವಿದ್ಯಾ" ಅಂದರು.

ಆ ವಿದ್ಯೆಯನ್ನೇ ಈಗ ವಿವರಿಸಬೇಕು. ನಮ್ಮ ಕಡೆ ಯಾರೂ "ಹೋಗ್ತೇನಿ" ಎನ್ನುವುದಿಲ್ಲ, "ಬರ್ತೇನಿ" ಎನ್ನುತ್ತಾರೆ. ಇದು ನಿಮಗೂ ಗೊತ್ತು. ಮಾಮಾನ ಪದ್ಧತಿಯಲ್ಲಿ ಇನ್ನೊಂದು ಕಲಮು ಹೆಚ್ಚಿಗೆ ಇತ್ತು. ಎದುರಿನವರು "ಹೂಂ, ಬರ್ರಿ" ಎನ್ನುವ ತನಕ ಅವರು ಹೆಜ್ಜೆ ಕೀಳುವುದಿಲ್ಲ! ಮೊದಲ ದಿನ ಮನೆಯಿಂದ ಹೊರಟವರು ಅವ್ವನಿಗೆ, ಅಪ್ಪನಿಗೆ, ಎದುರು ಫ್ಲ್ಯಾಟಿನ ಗುಜರಾತಿ ಅಜ್ಜಿಗೆ, ಲಿಫ್ಟಿನಲ್ಲಿ ಜೊತೆಗಿದ್ದ ಕೊರಿಯರ್‌ನವನಿಗೆ, ಕೊನೆಗೆ ವಾಚ್‌ಮನ್‌ಗೆ "ಬರ್ತೇನಿ" ಅಂದರು. ವಾಚ್‌ಮನ್ ಬಿಹಾರದವನು. ಏನೂ ತಿಳಿಯದೆ ಎದ್ದು ಸೆಲ್ಯೂಟ್ ಹೊಡೆದ. ಮಾಮಾ ಅದನ್ನೂ ಒಪ್ಪಲಿಲ್ಲ. "ಬಾಯಿಲೆ ಅನ್ನೋ ತಮ್ಮಾ" ಎಂದು ನಿಂತೇಬಿಟ್ಟರು.

ದಾರಿ ತೋರಿಸಲು ಜೊತೆಗೆ ಹೊರಟಿದ್ದ ನಾನು ಕಾನೂನು ವಿದ್ಯಾರ್ಥಿ, ಕಾಲೇಜಿನ ಡಿಬೇಟ್ ತಂಡದವನು. ಸುಮ್ಮನಿರಲು ಸಾಧ್ಯವೇ?

"ಮಾಮಾ, ಅವನು ಹೂಂ ಅನ್ನದಿದ್ರೆ ಏನು ಮಾಡ್ತೀರಿ?"

"ನಿಂದರತೇನಿ."

"ಇದು ಒತ್ತಾಯದ ಒಪ್ಪಿಗೆ. ಕೋರ್ಟಿನಲ್ಲಿ ನಡೆಯೋದಿಲ್ಲ."

"ಕೋರ್ಟಿನ್ಯಾಗ ಯಾಕ ನಡೀಬೇಕು? ನಾವು ಸ್ಟೇಷನ್‌ಗೆ ನಡದೇವಿ."

"ಹಾಗಾದ್ರೆ ಕೇಳಿ, ನಾನಂತೂ ನಿಮಗೆ ಹೂಂ ಅನ್ನೋದೇ ಇಲ್ಲ. ಇದು ನನ್ನ ತತ್ವ."

"ಹೊರಡೂ ಹೊತ್ತು ಬರಲಿ ಅಳಿಯಾ, ನೋಡೂಣು" ಎಂದು ನಕ್ಕರು.

ಸಯನ್‌ನಲ್ಲಿ ಲೋಕಲ್ ಹತ್ತಿದೆವು. ಮೂವರ ಸೀಟಿನಲ್ಲಿ ಒಬ್ಬ ಗೃಹಸ್ಥ ಸರಿದು, ಮಾಮಾನಿಗೆ ಅಂಚಿನಲ್ಲಿ ನಾಲ್ಕನೆಯವರಾಗಿ ಕೂರಲು ಜಾಗ ಮಾಡಿಕೊಟ್ಟ. ಮುಂಬೈಯಲ್ಲಿ ಇದಕ್ಕಿಂತ ದೊಡ್ಡ ದಾನವಿಲ್ಲ. ಒಂದು ತೊಡೆಯಷ್ಟೇ ಸೀಟಿನ ಮೇಲಿತ್ತು, ಆದರೂ ಮಾಮಾ ಕರಗಿಹೋದರು. ದಾದರ್ ದಾಟಿತು, ಪರೇಲ್ ಬಂತು. ನಾನು ಬಾಗಿಲ ಹತ್ತಿರ. ಮಾಮಾ ಎದ್ದು, ಬಾಗಿ, ಆ ಗೃಹಸ್ಥನಿಗೆ "ಬರ್ತೇನ್ರೀ" ಅಂದರು. ಅವನ ಕಿವಿಯಲ್ಲಿ ಇಯರ್‌ಫೋನ್! ಮಾಮಾ ಇನ್ನೊಮ್ಮೆ ಅಂದರು. ಅವನು ಇಯರ್‌ಫೋನ್ ತೆಗೆದು "ಕ್ಯಾ?" ಅನ್ನುವಷ್ಟರಲ್ಲಿ ಪರೇಲ್ ಹಿಂದೆ ಹೋಗಿತ್ತು. ಮುಂದಿನದು ಕರಿ ರೋಡ್. ಅಷ್ಟರೊಳಗೆ ಆ ಡಬ್ಬಿಯಲ್ಲಿ ದಿನಾ ಒಟ್ಟಿಗೆ ಹೋಗುವವರ ಇಡೀ ಗುಂಪಿಗೆ ವಿಷಯ ತಿಳಿದು ಎಲ್ಲರೂ ಒಂದೊಂದು ಪ್ರಶ್ನೆ ಕೇಳಿದರು. ಪ್ರಶ್ನೆ ಕೇಳಿದವರೆಲ್ಲ ಪರಿಚಿತರಾದರು. ಪರಿಚಿತರಿಗೆಲ್ಲ ಬರ್ತೇನಿ ಅನ್ನಬೇಡವೇ? ನಾವು ಇಳಿದದ್ದು ಪರೇಲಿನಿಂದ ಮೂರು ಸ್ಟೇಷನ್ ಆಚೆ, ಭಾಯಖಳಾದಲ್ಲಿ.

ತಿರುಗಿ ಪರೇಲಿಗೆ ಬಂದು ಮುಟ್ಟುವಾಗ ಆಸ್ಪತ್ರೆಯ ಖರೀದಿ ವಿಭಾಗದ ಮೇಡಂ ಮೀಟಿಂಗಿಗೆ ಹೋಗಿಯಾಗಿತ್ತು. "ನಾಳೆ ಬಂದು ನೋಡಿ. ಆದರೆ ನಾಳೆಯೇ ಕೊನೆ" ಎಂದರು ಕಚೇರಿಯವರು.

ಎದುರಿನ ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ನಮ್ಮ ಟೇಬಲಿಗೇ ಬಂದು ಕೂತ ಒಬ್ಬಾತ ಫೋನ್ ನೋಡುತ್ತಲೇ ಉಂಡು, ಕೈತೊಳೆದು ಹೊರಟುಹೋದ. ಮಾಮಾನ ಕೈಯಲ್ಲಿ ತುತ್ತು ಹಾಗೇ ನಿಂತಿತು.

"ಎದುರಾಬದುರಾ ಕುಂತು ಉಂಡಾನ. ಒಂದ ಮಾತಿಲ್ಲ! ಈ ಊರಾಗ ಯಾರೂ ಯಾರಿಗೂ ಬರ್ತೇನಿ ಅನ್ನಂಗೇ ಇಲ್ಲಲೋ. ಹಂಗಾದ್ರ ಸಂಜಿಕ ಮನಿಗೆ ಹೆಂಗ ಬರ್ತಾರ?"

"ರಿಟರ್ನ್ ಟಿಕೆಟ್ ತಗೊಂಡು ಬರ್ತಾರೆ ಮಾಮಾ."

ಮಾಮಾ ನಗಲಿಲ್ಲ. ಎದ್ದಾಗ ಮಾಣಿಗೆ ಬರ್ತೇನಿ ಅಂದರು. ಕುಂದಾಪುರದ ಆ ಮಾಣಿ, "ಬನ್ನಿ ಬನ್ನಿ. ಬಿಲ್ ಅಲ್ಲಿ ಕೌಂಟರಲ್ಲಿ ಮಾರಾಯ್ರೆ" ಅಂದ. ಇಡೀ ದಿನದಲ್ಲಿ ಹೊರಗಿನವರಿಂದ ಕನ್ನಡದಲ್ಲಿ ಉತ್ತರ ಸಿಕ್ಕಿದ್ದು ಅದೊಂದೇ. ಮಾಮಾ ಅಷ್ಟಕ್ಕೇ ಖುಷಿಪಟ್ಟರು.

ಮರುದಿನ ಟ್ಯಾಕ್ಸಿ ಮಾಡೋಣ ಎಂದೆ. ಕೇಳಲಿಲ್ಲ. ಅದೇ ಲೋಕಲ್, ಅದೇ ಡಬ್ಬಿ, ಅದೇ ಗುಂಪು. ನಾನು ಒಂದು ಷರತ್ತು ಹಾಕಿದೆ: ವಿದಾಯ ಮಾಟುಂಗಾದಲ್ಲೇ ಶುರುವಾಗಬೇಕು. ಹಾಗೇ ಆಯಿತು. ಮಾಮಾ ಒಬ್ಬೊಬ್ಬರ ಮುಂದೆ ಕೈಮುಗಿಯುತ್ತ ಬಾಗಿಲಿಗೆ ಬರುವುದಕ್ಕೂ ಪರೇಲ್ ಬರುವುದಕ್ಕೂ ಸರಿಹೋಯಿತು. ಗುಂಪಿನವರೆಲ್ಲ ಒಟ್ಟಿಗೇ "ಹಾಂ ಕಾಕಾ, ಜಾಕೇ ಆಓ!" ಎಂದು ಹೋಗಿಬರಲು ಕೂಗಿ ಹೇಳಿದರು. ಗೇಲಿಯೋ ಪ್ರೀತಿಯೋ ನಾನು ಹೇಳಲಾರೆ. ಮಾಮಾ ಮಾತ್ರ ಆ ಪ್ರಶ್ನೆಯನ್ನೇ ಎತ್ತಲಿಲ್ಲ.

ಮೇಡಂ ಚಾದರಗಳನ್ನು ಎಳೆದು ನೋಡಿದರು, ಬೆಳಕಿಗೆ ಹಿಡಿದರು, "ತಿಳಿಸುತ್ತೇವೆ" ಎಂದು ಹಿಂದಿಯಲ್ಲಿ ಹೇಳಿ ಕಂಪ್ಯೂಟರಿಗೆ ತಿರುಗಿದರು. ಮಾಮಾ ಎದ್ದು "ಬರ್ತೇನ್ರೀ ಬಾಯಾರ" ಅಂದರು. ಉತ್ತರವಿಲ್ಲ. ಮಾಮಾ ನಿಂತರು. ಅವರ ತೋಳು ಹಿಡಿದು ಎಳೆದೆ. ಸ್ಯಾಂಪಲ್ ಚೀಲ ಅಲುಗಾಡಿತು, ಮಾಮಾ ಅಲುಗಾಡಲಿಲ್ಲ. ಕೊನೆಗೆ ಮೇಡಂ ತಲೆ ಎತ್ತಿ, "ಔರ್ ಕುಛ್?" ಅಂದರು. ನಾನು ಬೆವರುತ್ತ ನಮ್ಮ ಕಡೆಯ ಪದ್ಧತಿಯನ್ನು ಹಿಂದಿಗೆ ಅನುವಾದಿಸಿದೆ. ನನ್ನ ಡಿಬೇಟ್ ಜೀವನದಲ್ಲೇ ಅಷ್ಟು ದುರ್ಬಲವಾದ ಪಕ್ಷವನ್ನು ನಾನು ವಹಿಸಿದ್ದಿಲ್ಲ. ಮೇಡಂ ಒಂದು ಕ್ಷಣ ಮಾಮಾನನ್ನೇ ನೋಡಿ, "ಠೀಕ್ ಹೈ, ಆಯಿಯೇ" ಎಂದರು.

ಹೊರಗೆ ಬರುತ್ತಲೇ ಮಾಮಾ, "ಬರ್ರಿ ಅಂದಾರ. ಆರ್ಡರ್ ಆತು!"

"ಮಾಮಾ, ಅದು ಬರೀ ಸೌಜನ್ಯ. ಅದು ಕಾಂಟ್ರ್ಯಾಕ್ಟ್ ಅಲ್ಲ."

"ನಿನಗ ಏನ ಗೊತ್ತೈತಿ, ಕೂಸು."

ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು. ಬೇರೆಯವರ ಚಾದರ ಆಯ್ಕೆಯಾಗಿದ್ದವು. ವಾದದಲ್ಲಿ ನಾನು ಗೆದ್ದಿದ್ದೆ. ಗೆದ್ದು ಇಷ್ಟು ಪೆಚ್ಚಾದದ್ದು ಅದೇ ಮೊದಲು. ಮಾಮಾ ಸಾಹುಕಾರರಿಗೆ ಫೋನ್ ಹಚ್ಚಿ, "ಹೌದ್ರೀ... ಆತ್ರೀ... ಸೋಮವಾರದಿಂದ ಅಂಗಡಿಗೆ ಬರ್ತೇನ್ರೀ" ಅಂದರು. ಆಮೇಲೆ ಚಾದರಗಳನ್ನು ಮಡಚತೊಡಗಿದರು. ಅವ್ವ ಕೈಹಾಕಲು ಹೋದರೆ, "ಬಿಡವಾ, ನಾ ರೂಢಿ ಮಾಡ್ಕೊಬೇಕಲ್ಲ" ಎಂದರು.

ಸಂಜೆ ಸಯನ್ ಸರ್ಕಲ್‌ನಲ್ಲಿ ಊರಿನ ಬಸ್ಸು ಬಂತು. ಕ್ಲೀನರ್ ಬಾಗಿಲು ಬಡಿಯುತ್ತ "ಜಲ್ದಿ, ಜಲ್ದಿ!" ಎನ್ನುತ್ತಿದ್ದ. ಮಾಮಾ ಮೊಣಕಾಲು ಹಿಡಿದು ಮೆಟ್ಟಿಲು ಹತ್ತಿ, ತಿರುಗಿ ನನ್ನನ್ನು ನೋಡಿದರು. ನಾನು ನನ್ನ ತತ್ವದೊಂದಿಗೆ ಸಿದ್ಧನಾಗಿ ನಿಂತಿದ್ದೆ.

"ಹೋಗ್ತೇನಿ ಅಳಿಯಾ" ಅಂದರು.

ಹೋಗ್ತೇನಿ! ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೂ ಹೇಳದಿದ್ದ ಮಾತು ಅದು. ತಿರುಗಾಟ ಮುಗಿದಿತ್ತಲ್ಲ, ಸುಳ್ಳು ಹೇಳಬಾರದೆಂದು ಹಾಗಂದಿದ್ದರು. ನನ್ನ ಹೂಂಗೂ ಕಾಯದೆ ಒಳಗೆ ತಿರುಗಿದರು.

ನಾನು ಬಾಗಿಲಿನ ಸರಳು ಹಿಡಿದು ಮೆಟ್ಟಿಲ ಮೇಲೆ ನಿಂತುಬಿಟ್ಟೆ.

"ಮಾಮಾ, ಸರಿಯಾಗಿ ಅನ್ರಿ."

"ಇಳಿಯೋ ಹುಚ್ಚಾ, ಬಸ್ ಹೊಂಟೈತಿ!"

"ಅನ್ನೋ ತನಕ ನಿಂದರತೇನಿ."

ಡ್ರೈವರ್ ಹಾರ್ನ್ ಹೊಡೆದ. ಹಿಂದಿನ ಟ್ಯಾಕ್ಸಿಯವರೂ ಹೊಡೆದರು. ಕ್ಲೀನರ್ ಮರಾಠಿಯಲ್ಲಿ ನನ್ನ ಕುಲವನ್ನು ವಿಚಾರಿಸಿದ. ಮಾಮಾ ಚೀಲ ಕೆಳಗಿಟ್ಟರು. ನನ್ನ ತಲೆಯ ಮೇಲೆ ಕೈ ಇಟ್ಟರು.

"ಬರ್ತೇನೋ ಅಳಿಯಾ."

"ಹೂಂ" ಅಂದೆ. "ಹೂಂ ಮಾಮಾ. ಬರ್ರಿ."