ಉಗಾರ ಬುದ್ರುಕದ ಅಧಿಕೃತ ಸೂರ್ಯಾಸ್ತ

ಉಗಾರ ಬುದ್ರುಕದಲ್ಲಿ ಸೂರ್ಯ ಯಾವಾಗ ಮುಳುಗಬೇಕೆಂಬುದನ್ನು ಈಗ ವಿಶ್ವಸೇವಾ ಶ್ರದ್ಧಾವರ್ಧಕ ಸಂಸ್ಥೆಯ ಕಾರ್ಯಕಾರಿ ಸಮಿತಿ ತೀರ್ಮಾನಿಸುತ್ತದೆ. ಇದರಿಂದ ಸೂರ್ಯನಿಗೆ ಯಾವ ತೊಂದರೆಯೂ ಆಗಿಲ್ಲ.

ಸಮಿತಿಗೆ ಈ ಅಧಿಕಾರ ಬಂದದ್ದು ನಾರ್ವೆ ಪ್ರವಾಸದ ನಂತರ. ಸದಸ್ಯರನ್ನು ಸೇವೆಗಾಗಿ ಪರದೇಶಕ್ಕೆ ಕಳಿಸುವುದು, ಮರಳಿದ ಮೇಲೆ ಅವರ ಶ್ರದ್ಧೆ ಹೆಚ್ಚಾಗಿದೆ ಎಂದು ಘೋಷಿಸುವುದು ಸಂಸ್ಥೆಯ ಉದ್ದೇಶ. ಅದರಂತೆ ಜೂನ್ ತಿಂಗಳಲ್ಲಿ ಅಧ್ಯಕ್ಷ ಅಣ್ಣಾಸಾಬರ ನೇತೃತ್ವದ ತಂಡ ನಾರ್ವೆಯ ಉತ್ತರ ತುದಿಯ ಒಂದು ಊರಿಗೆ ಕಡಲದಂಡೆಯ ಕಸ ತೆಗೆಯಲು ಹೋಯಿತು. ದಂಡೆಯಲ್ಲಿ ಕಸ ಇರಲಿಲ್ಲ. ಕಾರ್ಯದರ್ಶಿ ಸುಹಾಸ ಧೃತಿಗೆಡಲಿಲ್ಲ. ತಂಡದ ಖಾಲಿ ನೀರಿನ ಬಾಟಲಿಗಳನ್ನು ಅಲ್ಲಲ್ಲಿ ಚೆಲ್ಲಿಸಿ, ಅವನ್ನೇ ಎಲ್ಲರಿಂದ ಆಯಿಸಿ, ಫೋಟೊ ತೆಗೆದ. ಉಗಾರದ ಸಂತೆ ಬಯಲಿನ ಕಸ ಸ್ವದೇಶದ್ದಾದ್ದರಿಂದ ಸಂಸ್ಥೆಯ ವ್ಯಾಪ್ತಿಗೆ ಬರುವುದಿಲ್ಲ.

ಆ ತಂಡದಲ್ಲಿ ಬೆಲ್ಲದ ವ್ಯಾಪಾರಿ ಪಾರಿಸ ಇದ್ದರು. ಹುಡುಗನಾಗಿದ್ದಾಗ ತಾಯಿಯ ಜೊತೆ ಜೈನ ಮುನಿ ಮಹಾರಾಜರೆದುರು ನಿಂತು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ನೇಮ ಹಿಡಿದವರು. ಈಗ ಅರವತ್ತರ ಹತ್ತಿರ. ತಮ್ಮ ಮದುವೆಯ ದಿನವೂ ಅದನ್ನು ಬಿಟ್ಟಿರಲಿಲ್ಲ. ತಂಡದ ಉಳಿದವರದೂ ಇದೇ ನೇಮ.

ಆ ಊರಿನಲ್ಲಿ ಜೂನ್ ತಿಂಗಳು ಸೂರ್ಯ ಮುಳುಗುವುದಿಲ್ಲ. ಆಕಾಶದ ಅಂಚಿನವರೆಗೆ ಬಂದು, ಏನೋ ಮರೆತವನ ಹಾಗೆ ಮತ್ತೆ ಮೇಲೇರುತ್ತಾನೆ. ತಂಡ ಇದನ್ನು ಸ್ವಾಗತಿಸಿತು. ಅಣ್ಣಾಸಾಬರು ಒಂದೇ ಹಗಲಿನಲ್ಲಿ ಮೂರು ಸಲ ರಾತ್ರಿ ಊಟ ಮಾಡಿದರು.

ಪ್ರವಾಸದ ಕೊನೆಯ ದಿನ ಪ್ರತಿಯೊಬ್ಬರೂ ಶ್ರದ್ಧೆಯ ಕುರಿತು ಚಿಂತನೆ ಮಾಡಿ, ಸುಹಾಸನ ಮೊಬೈಲಿನ ಮುಂದೆ ಹೇಳಬೇಕೆಂಬುದು ನಿಯಮ. ಎಲ್ಲರೂ ಭಾಳ ಹೆಚ್ಚಾತು ಎಂದರು. ಪಾರಿಸರ ಸರದಿ ಬಂತು.

“ಇಲ್ಲಿ ಹೊತ್ತ ಮುಳುಗಲಿಲ್ಲ. ರಾತ್ರಿನ ಇಲ್ಲ ಅಂದಮ್ಯಾಲ ನಾ ಬಿಟ್ಟಿದ್ದು ಏನು? ಊರಾಗ ಬಿಸಲ ಇಳಿಯೂಮುಂದ ಕೈ ತೊಳಕೊಂಡು ಮನಿ ಮುಂದ ಸುಮ್ಮ ಕುಂದರತಿದ್ದೆ. ನನ್ನ ಭಕ್ತಿ ಎಲ್ಲಾ ಅಷ್ಟರಾಗನ ಇತ್ತೇನೋ ಅನಸಾಕತ್ತೇತಿ. ಈಗ ನೇಮ ಉಳೀತೋ ಮುರೀತೋ ತಿಳೀವಲ್ದು.”

“ಕಾಕಾ, ಹೆಚ್ಚಾತೋ ಕಡಿಮಿ ಆತೋ ಅಷ್ಟ ಹೇಳ್ರಿ,” ಎಂದ ಸುಹಾಸ. “ಚಾರ್ಜ್ ಮುಗ್ಯಾಕ ಬಂದೈತಿ.”

“ಅದನ್ನ ನಾ ಕೇಳಾಕತ್ತೇನಿ, ತಮ್ಮಾ.”

ಈ ಚಿಂತನೆಯನ್ನು ಅಥಣಿ, ನಿಪ್ಪಾಣಿ ಶಾಖೆಯವರೂ ಮೊಬೈಲಿನಲ್ಲಿ ನೋಡಿದರು. ಪಾರಿಸರ ನೇಮದ ಬಗ್ಗೆ ಸಂಶಯವಿದ್ದರೆ ಅಧ್ಯಕ್ಷರ ನೇಮದ ಗತಿ ಏನೆಂದು ಕೇಳಿದರು. ತುರ್ತು ಸಭೆ ಸೇರಿತು.

ಸದಸ್ಯರು ಎಲ್ಲೇ ಇರಲಿ, ಅವರಿಗೆ ಉಗಾರ ಬುದ್ರುಕದ ಸೂರ್ಯನೇ ಅನ್ವಯವಾಗತಕ್ಕದ್ದು ಎಂದು ಮೊದಲು ಠರಾವಾಯಿತು. ಚಪ್ಪಾಳೆಯ ನಂತರ ಅಣ್ಣಾಸಾಬರು ನಿಧಾನವಾಗಿ ಕೇಳಿದರು:

“ಹಂಗಾರ ಎಲ್ಲಾರದೂ ಮುರೀತಲ್ಲೋ, ಸುಹಾಸ?”

ಮುನಿ ಮಹಾರಾಜರನ್ನು ಕೇಳೋಣ ಎಂದರು ಪಾರಿಸ. ಮಹಾರಾಜರು ನೇರವಾಗಿ ಉತ್ತರಿಸುವ ಸಂಭವವಿದ್ದುದರಿಂದ ಸಲಹೆಯನ್ನು ಕೈಬಿಡಲಾಯಿತು. ಚಹಾ ಬಂದು ಹೋದ ಮೇಲೆ ಈ ಪ್ರಕಟಣೆ ಹೊರಟಿತು:

“ಪ್ರವಾಸದ ಅವಧಿಯಲ್ಲಿ ಉಗಾರ ಬುದ್ರುಕದಲ್ಲಿ ಸೂರ್ಯ ಮುಳುಗಿರಲಿಲ್ಲವೆಂದು ಸಮಿತಿಯು ಪೂರ್ವಾನ್ವಯವಾಗುವಂತೆ ಮಂಜೂರು ಮಾಡಿದೆ; ಆದ್ದರಿಂದ ಸದಸ್ಯರ ನೇಮ ಉಳಿದಿರುತ್ತದೆ. ಆ ಅವಧಿಯಲ್ಲಿ ಕತ್ತಲೆ ಕಂಡವರು ಅದನ್ನು ಮೋಡವೆಂದು ತಿಳಿಯತಕ್ಕದ್ದು.”

ಪಾರಿಸರ ಹೆಂಡತಿ ಚಂದ್ರಮತಿ ಪ್ರವಾಸಕ್ಕೆ ಹೋಗಿರಲಿಲ್ಲ. ರೊಟ್ಟಿ ತಟ್ಟುತ್ತ ಪ್ರಕಟಣೆ ಕೇಳಿದರು.

“ಅಣ್ಣಾಸಾಬಗ ಕೇಳಬೇಕಿತ್ತಲ್ರಿ, ಮೋಡದಾಗ ಚುಕ್ಕಿ ಹೆಂಗ ಕಂಡ್ವು ಅಂತ?”

“ನೇಮ ಉಳದೈತಿ ಅಂತ ಬರದ ಕೊಟ್ಟಾರ.”

“ಬರದ ಕೊಟ್ಟರ ಉಳೀತೈತೇನು?”

ಅಂದಿನಿಂದ ಪಾರಿಸ ಸಂಜೆ ಊಟ ಇನ್ನಷ್ಟು ಬೇಗ ಮುಗಿಸಿ, ಮನೆ ಮುಂದೆ ಕುರ್ಚಿ ಹಾಕಿಕೊಂಡು, ಕಬ್ಬಿನ ಹೊಲದಾಚೆ ಹೊತ್ತು ಪೂರ್ತಿ ಇಳಿಯುವವರೆಗೆ ನೋಡುತ್ತ ಕೂರತೊಡಗಿದರು.

ಒಮ್ಮೆ ಕೊಟ್ಟ ಅಧಿಕಾರವನ್ನು ಸುಮ್ಮನೆ ಇಡಲಾಗುವುದಿಲ್ಲ. ಚಳಿಗಾಲದಲ್ಲಿ ಅಧ್ಯಕ್ಷರ ಮಗಳು ಸ್ನೇಹಲಳ ನಿಶ್ಚಿತಾರ್ಥ ಬಂತು. ನಿಪ್ಪಾಣಿಯಿಂದ ಬರಬೇಕಾದ ಅಡಿಗೆಯವರ ಗಾಡಿ ಚಿಕ್ಕೋಡಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ತಾಂತ್ರಿಕ ಕಾರಣಗಳಿಂದ ಇಂದಿನ ಸೂರ್ಯಾಸ್ತವನ್ನು ಮುಂದೂಡಲಾಗಿದೆ ಎಂದು ಸುಹಾಸ ಧ್ವನಿವರ್ಧಕದಲ್ಲಿ ತಿಳಿಸಿದ. ಬೀಗರು ಟ್ಯೂಬ್‌ಲೈಟಿನ ಕೆಳಗೆ ಹಗಲೂಟ ಮಾಡಿದರು. ಪ್ರಕಟಣೆ ತಲುಪದ ದೀಪದ ಹುಳುಗಳು ಮಾತ್ರ ಎಲೆಯ ಮೇಲೆ ಬೀಳುತ್ತಿದ್ದವು. ಅವನ್ನು ಹೋಳಿಗೆಯ ಮೇಲಿನಿಂದ ಒಂದೊಂದಾಗಿ, ಹಿಂಸೆಯಾಗದಂತೆ, ಎತ್ತಿ ಬಿಡಲಾಯಿತು.

ಆಮೇಲೆ ದಾನಿಗಳ ಮನೆಯ ಕಾರ್ಯಗಳಿಗೂ ಹೊತ್ತು ಮಂಜೂರಾಗತೊಡಗಿತು. ತಮ್ಮಲ್ಲಿ ಹೊತ್ತು ಹೇಗೂ ತಡವಾಗಿ ಮುಳುಗುವುದರಿಂದ ತಮಗೆ ಬೇರೆ ಸೂರ್ಯ ಬೇಕೆಂದು ನಿಪ್ಪಾಣಿ ಶಾಖೆ ಕೇಳಿತು. ಅಥಣಿ ಶಾಖೆ ವಿರೋಧಿಸಿದ್ದರಿಂದ ಎಲ್ಲರಿಗೂ ಒಂದೇ ಸೂರ್ಯ ಎಂದಾಯಿತು. ಸಮಿತಿಯವರು ಬೇಗ ಮನೆಗೆ ಹೋಗಬೇಕಾದ ದಿನ ಅವನು ಬೇಗ ಮುಳುಗುತ್ತಾನೆ. ಅಂಥ ದಿನ ಕೊಗನೊಳ್ಳಿಯ ಸದಸ್ಯರು ಮೊದಲ ಠರಾವನ್ನು ಮರೆತು, ತಾಟು ಹಿಡಿದು ಗಡಿ ದಾಟಿ, ಮಹಾರಾಷ್ಟ್ರದ ಬಿಸಿಲಿನಲ್ಲಿ ಉಂಡು ಬರುತ್ತಾರೆ.

ಇಷ್ಟು ಸುಸೂತ್ರವಾಗಿ ನಡೆದಿರುವಾಗ ಒಂದು ದೂರು ಬಂತು. ಸುಹಾಸ ಖುದ್ದಾಗಿ ಪಾರಿಸರ ಮನೆಗೆ ಹೋದ.

“ಕಾಕಾ, ನೀವು ದಿನಾ ಸಂಜಿಮುಂದ ಪಶ್ಚಿಮಕ್ಕ ನೋಡತೀರಂತ.”

“ಮನಿ ಬಾಗಿಲಾ ಆ ಕಡೆ ಐತೆಪಾ.”

“ಹೊಸಾ ನಿಯಮ ಆಗೈತ್ರಿ. ಹೊತ್ತು ಮುಳುಗೇತೋ ಇಲ್ಲೋ ಸ್ವತಃ ನೋಡೂದಂದ್ರ ಸಂಸ್ಥಾದ ಮ್ಯಾಲ ಶ್ರದ್ಧಾ ಇಲ್ಲ ಅಂದಂಗ. ಮದಲ ನಿಮ್ಮ ಶ್ರದ್ಧಾದ ಲೆಕ್ಕ ನಾರ್ವೆದಾಗನ ನಿಂತೈತಿ. ಹೀಂಗ ಆದರ ನೇಮ ಉಳದೈತಿ ಅಂತ ಕೊಟ್ಟದ್ದು ವಾಪಸ್ ತಗೋಬೇಕಾಗ್ತೈತಿ.”

“ಹಂಗಾರ ಏನ ಮಾಡ್ಲಿ?”

“ಕುರ್ಚಿ ತಿರಗಸ್ರಿ.”

ಪಾರಿಸ ಕುರ್ಚಿ ತಿರುಗಿಸಿದರು. ಸುಹಾಸ ಅದರ ಫೋಟೊ ತೆಗೆದುಕೊಂಡು ಹೋದ.

ರಮಜಾನ್ ಬಂತು. ಪಾರಿಸರ ಪಕ್ಕದ ಮನೆಯ ದರ್ಜಿ ಖಲೀಲ ಒಂದು ಸಂಜೆ ಕಟ್ಟೆಯ ಮೇಲೆ ಖಜೂರದ ತಾಟು ಇಟ್ಟುಕೊಂಡು ಕೂತಿದ್ದ. ಇತ್ತ ಒಬ್ಬ ದಾನಿಯ ಮನೆಯಲ್ಲಿ ಕೂಸಿಗೆ ಹೆಸರಿಡುವ ಬಾರಸೆ ಇದ್ದುದರಿಂದ ಅಂದು ಹೊತ್ತು ವಿಸ್ತರಣೆಯಾಗಿತ್ತು.

“ಕಾಕಾ, ನಾ ರೋಜಾ ಬಿಡ್ಲ್ಯಾ, ನಿಮ್ಮ ಆಫೀಸಿಗೆ ಫೋನ್ ಮಾಡಿ ಕೇಳ್ಲ್ಯಾ?”

“ನಿಮ್ಮದು ಅಜಾನ್ ಆದಕೂಡಲೆ ಬಿಡಪಾ. ನಮ್ಮಲ್ಲಿ ಇನ್ನಾ ಕೂಸಿನ ತೊಟ್ಟಲಾ ಕಟ್ಟಾಕತ್ತಾರ.”

“ಮತ್ತ ನೀವು ಹೋಗಂಗಿಲ್ಲೇನು ಊಟಕ್ಕ?”

“ನಂದು ಆಗೇತಿ.”

ಪಾರಿಸ ಪಶ್ಚಿಮಕ್ಕೆ ಬೆನ್ನು ಕೊಟ್ಟು, ನಿಯಮದ ಪ್ರಕಾರ ತಮ್ಮ ಮನೆಯ ಗೋಡೆಯನ್ನೇ ನೋಡುತ್ತ ಕೂತಿದ್ದರು. ಗೋಡೆಯ ಮೇಲೆ ಅವರ ನೆರಳು ಬಿದ್ದಿತ್ತು. ಅದು ಮೆಲ್ಲಗೆ ಮಸುಕಾಗುತ್ತ ಬಂತು. ಪೂರ್ತಿ ಅಳಿಸುವ ಮೊದಲು ಪಾರಿಸ ತಂಬಿಗೆ ಎತ್ತಿ ಕೊನೆಯ ಗುಟುಕು ನೀರು ಕುಡಿದು, ಅದನ್ನು ಬೋರಲು ಹಾಕಿದರು. ಮಸೀದಿಯಲ್ಲಿ ಅಜಾನ್ ಆಯಿತು. ಖಲೀಲ ಖಜೂರ ಬಾಯಿಗಿಟ್ಟ. ಧ್ವನಿವರ್ಧಕದಲ್ಲಿ ಸುಹಾಸ, ಹೊತ್ತು ಇನ್ನೂ ಇದೆ, ಯಾರೂ ಅವಸರ ಮಾಡಬಾರದು ಎಂದು ವಿನಂತಿಸುತ್ತಿದ್ದ. ಯಾರೂ ಅವಸರ ಮಾಡಲಿಲ್ಲ.

ನೆರಳಿನ ವಿಷಯ ಮುಂದಿನ ಸಭೆಯ ಮುಂದಿದೆ.