ಅಟ್ಟ ಬಿಡದ ಕಾಡುಬೆಕ್ಕು

ನಮ್ಮ ಯಜಮಾನರು ಒಂದು ಕೆಲಸಕ್ಕೆ ಹೊರಟರೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತದೆ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಈಗ ಆಶ್ಚರ್ಯಪಡುವುದನ್ನೂ ಬಿಟ್ಟಿದ್ದೇನೆ. ಈ ಸಲ ಅವರ ಕೈಗೆ ಸಿಕ್ಕಿದ್ದು ಒಂದು ಕಾಡುಬೆಕ್ಕಿನ ಸಂಸಾರ.

೧. ಬಾಗಿಲು

ತಿಪಟೂರು ಹತ್ತಿರ ಹಾಲ್ಕುರಿಕೆ ಕಡೆಯ ನಮ್ಮ ತೋಟದಲ್ಲಿ ತೆಂಗಿನ ಸಿಪ್ಪೆಯ ಹಳೇ ರಾಶಿಯೊಂದಿತ್ತು. ಸುಟ್ಟುಬಿಡೋಣವೆಂದು ಯಜಮಾನರು ಬೆಂಕಿಪೊಟ್ಟಣ ಹಿಡಿದು ಹೋದರು, ಹಿಂದೆ ನಾನೂ ಹೋದೆ. ಕೋಲಿನಿಂದ ಸಿಪ್ಪೆ ಸರಿಸಿದರೆ ಒಳಗೆ ಅಂಗೈಯಷ್ಟೇ ಇರುವ ಎರಡು ಮರಿ, ಮೈತುಂಬ ಚುಕ್ಕೆ.

"ಚಿರತೆ ಮರಿ ಕಣೇ" ಎಂದವರೇ ಮನೆಗೆ ಓಡಿದರು. ತಾಯಿ ಚಿರತೆ ಇಲ್ಲೇ ಎಲ್ಲೋ ಇರುತ್ತದೆಂದು ಹಸುಗಳನ್ನು ಒಳಗೆ ಅಟ್ಟಿದರು, ಕರುವನ್ನು ಎಳೆದುಕೊಂಡರು, ಬಾಗಿಲು ಹಾಕಿ ಚಿಲಕ ಜಡಿದರು. ನಾನಿನ್ನೂ ಹೊರಗೇ ಇದ್ದೆ. ಬಾಗಿಲು ಬಡಿದೆ.

"ಯಾರದು?" ಎಂದು ಒಳಗಿನಿಂದ ಕೇಳಿದರು.

೨. ಮೈಕು

ಫೋನು ಮಾಡಿದ ಮೇಲೆ ಅರಣ್ಯ ಇಲಾಖೆಯ ಗಾರ್ಡು ಬಂದು, ಮರಿಗಳನ್ನು ನೋಡಿ ನಕ್ಕರು. ಇದು ಚಿರತೆಯಲ್ಲ, ಬೆಳೆದರೂ ಮನೆಬೆಕ್ಕಿಗಿಂತ ಚಿಕ್ಕದಾಗಿರುವ ಕಾಡುಬೆಕ್ಕು, ಈ ಜಾತಿಯೇ ಕಡಿಮೆಯಾಗುತ್ತಿದೆ ಎಂದರು. ಮುಟ್ಟಬೇಡಿ, ಹಾಲು ಕುಡಿಸಬೇಡಿ, ರಾಶಿ ಸುಡಬೇಡಿ. ಜನ ದೂರ ಇದ್ದರೆ ತಾಯಿ ತಾನೇ ಬಂದು ಒಯ್ಯುತ್ತದೆ, ಸುತ್ತುಗಟ್ಟಿದರೆ ಬರುವುದಿಲ್ಲ, ಮರಿ ಉಳಿಯುವುದಿಲ್ಲ ಎಂದು ಹೇಳಿ ಹೋದರು. ನಾನು ರಾಶಿಯಿಂದ ದೂರ ಸರಿದೆ. ಯಜಮಾನರಿಗೆ ಮಾತ್ರ ಜವಾಬ್ದಾರಿ ಬಂತು.

ನೇರ ದೇವಸ್ಥಾನಕ್ಕೆ ಹೋಗಿ ಮೈಕು ಹಿಡಿದರು. ನಮ್ಮ ತೋಟದಲ್ಲಿ ಅಪರೂಪದ ಕಾಡುಬೆಕ್ಕಿನ ಮರಿಗಳಿವೆ, ದಯವಿಟ್ಟು ಯಾರೂ ಬರಬಾರದು ಎಂದು ಮೂರು ಸಲ ಕೂಗಿದರು. ಅಲ್ಲಿಯವರೆಗೆ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮತ್ತು ಗಾರ್ಡಿಗೆ. ಆಮೇಲೆ ಊರಿಗೆ ಊರೇ ಬಂತು, ನೋಡಬಾರದ್ದು ಏನಿದೆಯೆಂದು ನೋಡಲು. ನಾನು ಸಗಣಿ ನೀರಿನ ಬಕೆಟ್ಟು ಎತ್ತಿಕೊಂಡು ನಿಂತ ಮೇಲೆಯೇ ಚದುರಿದ್ದು. ಎಲ್ಲರಿಗಿಂತ ಮುಂಚೆ ಓಡಿದ್ದು ಯಜಮಾನರು.

೩. ಉರುಳು

ಬೆಳಗ್ಗೆ ನೋಡಿದರೆ ಮರಿಗಳಿರಲಿಲ್ಲ. ತಾಯಿ ಬಂದು ಒಯ್ದಿತ್ತು, ಎಲ್ಲಿಗೋ ಗೊತ್ತಾಗಲಿಲ್ಲ. ಮನಸ್ಸು ಹಗುರಾಯಿತು ಅನ್ನುವಷ್ಟರಲ್ಲಿ ಪಕ್ಕದ ತೋಟದವರು ಬೇಲಿಗೆ ಉರುಳು ಕಟ್ಟಿದರು. ಅವರ ಕೋಳಿಯೊಂದು ಬಹಳ ದಿನದಿಂದ ಕಾಣೆಯಾಗಿತ್ತು, ಮೈಕು ಕೇಳಿದ ಮೇಲೆ ಕಳ್ಳ ಯಾರೆಂದು ತೀರ್ಮಾನವಾಗಿತ್ತು. ತಾಯಿ ಉರುಳಿಗೆ ಬಿದ್ದರೆ ಮರಿಗಳ ಗತಿಯೇನೆಂದು ಹೋಗಿ ಬೇಡಿಕೊಂಡೆ. ಸಂಜೆ ಕೋಳಿಗಳನ್ನು ಗೂಡಿಗೆ ಬಿಟ್ಟು ಬಾಗಿಲು ಹಾಕಿ, ಅಷ್ಟು ಸಾಕು ಎಂದೆ. ಕೋಳಿ ತಂದುಕೊಟ್ಟರೆ ಉರುಳು ಬಿಚ್ಚುತ್ತೇನೆ ಎಂದರು.

ದೇವರು ಕಣ್ಣುಬಿಟ್ಟ. ಆ ವಾರವೇ ನಮ್ಮ ಕೊಟ್ಟಿಗೆಯ ಹುಲ್ಲಿನ ಹಿಂದಿನಿಂದ ಅವರ ಕೋಳಿ, ಮರಿಗಳ ಸಮೇತ ಹೊರಗೆ ಬಂತು. ಬುಟ್ಟಿಯಲ್ಲಿ ಹಾಕಿಕೊಂಡು ಓಡಿದೆ. ಅವರು ಬುಟ್ಟಿ ಇಸಿದುಕೊಂಡು ಇಣುಕಿ ನೋಡಿದರು.

"ಈಗೆಂಗಕ್ಕ ಉರುಳು ಬಿಚ್ಚೋದು? ಆಗ ಒಂದೇ ಕೋಳಿ. ಈಗ ಎಷ್ಟೊಂದವೆ ನೋಡಕ್ಕ."

೪. ರೇಟು

ನಮ್ಮ ಕಡೆ ಕಾಯಿಯನ್ನು ಅಟ್ಟದಲ್ಲಿ ಹೆಚ್ಚುಕಮ್ಮಿ ವರ್ಷವಿಡೀ ಒಣಗಿಸಿ ಕೊಬ್ಬರಿ ಮಾಡುತ್ತಾರೆ. ಅದನ್ನು ಯಾವಾಗ ಮಾರಬೇಕೆನ್ನುವುದೇ ತಲೆನೋವು. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಟೆಂಡರಿನಲ್ಲಿ ರೇಟು ಏರಲಿ ಎಂದು ಯಜಮಾನರು ಪ್ರತಿ ವರ್ಷ ಕಾಯುತ್ತಾರೆ, ಇಳಿದ ಮೇಲೆ ಮಾರುತ್ತಾರೆ. ಈ ಸಲ ಎಲ್ಲರಿಗಿಂತ ಮೊದಲೇ ಮಾರುತ್ತೇನೆಂದು ಹಟ ತೊಟ್ಟು ಅಟ್ಟ ಹತ್ತಿದರು. ಹತ್ತಿದಷ್ಟೇ ಬೇಗ ಇಳಿದರು. ಕಾಯಿರಾಶಿಯ ಮೂಲೆಯಲ್ಲಿ ತಾಯಿ, ಎರಡು ಮರಿ.

ಅವು ತಾವಾಗಿ ಇಳಿದು ಹೋಗುವವರೆಗೆ ಅಟ್ಟಕ್ಕೆ ಕೈ ಹಾಕುವಂತಿಲ್ಲ ಎಂದು ನಾನು ಏಣಿಯನ್ನು ನನ್ನ ಮಂಚದ ಕೆಳಗಿಟ್ಟೆ. ಯಜಮಾನರು ನನ್ನ ಜೊತೆ ಮಾತು ಬಿಟ್ಟರು. ಬಾಣಂತಿಗೆ ಸದ್ದು ಒಳ್ಳೆಯದಲ್ಲವೆಂದು ನಾನೂ ಸುಮ್ಮನಿದ್ದೆ. ಪಕ್ಕದವರು ತಮ್ಮ ಕೊಬ್ಬರಿ ಮಾರಿ, ನಮ್ಮನ್ನು ನೋಡಿ ನಗುತ್ತ ಓಡಾಡಿದರು. ದಿನಾ ಸಂಜೆ ನಾನು ಬೇಲಿಯ ಉರುಳು ಸಡಿಲಿಸಿ ಬರುತ್ತಿದ್ದೆ, ಬೆಳಗ್ಗೆ ಅವರು ಬಿಗಿ ಮಾಡುತ್ತಿದ್ದರು.

ಕೊನೆಗೊಂದು ದಿನ ಅಟ್ಟ ಖಾಲಿಯಾಯಿತು, ಬೆಕ್ಕು ಮರಿಗಳನ್ನು ಕರೆದುಕೊಂಡು ತೋಟ ಸೇರಿತು. ಅದೇ ವಾರ ರೇಟು ಎಂದೂ ಕಾಣದಷ್ಟು ಏರಿತು. ಯಜಮಾನರು ಜನ್ಮದಲ್ಲಿ ಮೊದಲ ಬಾರಿಗೆ ಸರಿಯಾದ ಹೊತ್ತಿಗೆ ಮಾರಿದರು.

ಹೇಗೆ ಗೊತ್ತಾಯಿತೆಂದು ಊರವರೆಲ್ಲ ಕೇಳಿದರು. "ನಾನೇನೂ ಮಾಡ್ಲಿಲ್ಲ ಕಣ್ರಪ್ಪ, ಬೆಕ್ಕು ಬುಡ್ಲಿಲ್ಲ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೆಕ್ಕಿಗೆ ರೇಟು ಗೊತ್ತು ಎಂದು ಊರು ಅರ್ಥಮಾಡಿಕೊಂಡಿತು. ಈಗ ಯಾರೂ ಸಿಪ್ಪೆ ರಾಶಿ ಸುಡುವುದಿಲ್ಲ, ಕೋಳಿಗೂಡುಗಳಿಗೆಲ್ಲ ಬಾಗಿಲು ಬಂದಿದೆ.

ಪಕ್ಕದವರು ಮೊನ್ನೆ ಬೇಲಿಯ ಉರುಳು ಬಿಚ್ಚುತ್ತ ನನ್ನನ್ನು ಕೂಗಿದರು.

"ಮುಂದಿನ ಬಾಣಂತನ ನಮ್ಮ ಅಟ್ಟದಾಗೆ ಮಾಡ್ಕೊಳ್ಳಕ್ಕೆ ಹೇಳಕ್ಕ ನಿನ್ನ ಬೆಕ್ಕಿಗೆ. ಬೇಕಾದ್ರೆ ಒಂದು ಕೋಳಿ ಹೋದ್ರೂ ಹೋಗ್ಲಿ ಬುಡು."