ಮನೆ ಪರೀಕ್ಷಕನ ಮೂರು ನಿಮಿಷ

ಅನಾಹುತಕ್ಕೆ ಮೂಲ ಭಾವಮೈದುನನ ಒಂದು ಮಾತು.

"ಭಾವ, ನೀವು ಗೋಡೆ ಕುಟ್ಟೋದನ್ನ ಜನ ಕಣ್ಣಾರೆ ನೋಡ್ಬೇಕು. ನೋಡದೆ ಯಾರು ಕರೀತಾರೆ? ಒಂದು ವೀಡಿಯೊ ಮಾಡೋಣ."

ಮನೆ ಪರೀಕ್ಷಕ ತಲೆಯಾಡಿಸಿದ. ಮನೆ ಕೊಳ್ಳಹೊರಟವರಿಗೆ ಅದರ ಬಿರುಕು, ತೇವ, ಸೋರಿಕೆಗಳನ್ನು ಮುಂಚೆಯೇ ಪತ್ತೆಹಚ್ಚಿ ವರದಿ ಬರೆದುಕೊಡುವುದು ಅವನ ಉದ್ಯೋಗ. ಬಾಗಿಲಿಗೆ ಫಲಕ ಹಾಕಿ ಐದು ತಿಂಗಳಾಗಿತ್ತು. ಅದನ್ನು ಓದಿ ಒಳಗೆ ಬಂದವರು ಇಬ್ಬರೇ: ಒಬ್ಬ ಪಕ್ಕದ ಬೀದಿಯ ವಿಳಾಸ ಕೇಳಲು, ಇನ್ನೊಬ್ಬ, ಫಲಕ ಬರೆದವರು ಯಾರೆಂದು ತಿಳಿಯಲು.

ದೋಷ ತೋರಿಸಬೇಕಾದರೆ ದೋಷವಿರುವ ಮನೆ ಬೇಕಷ್ಟೆ. ಪರಿಚಿತರನ್ನು ಕೇಳಿದರೆ, "ನಮ್ಮನೆ ಮಾನ ಊರಿಗೆಲ್ಲ ಹರಾಜು ಹಾಕ್ತೀಯಾ?" ಎಂದು ಕದವಿಕ್ಕಿಕೊಂಡರು. ಕೊನೆಗೆ, ತಾನು ಹನ್ನೊಂದು ವರ್ಷದಿಂದ ಬಾಡಿಗೆಗಿದ್ದ ಮನೆಯಲ್ಲೇ ಭಾನುವಾರ ಚಿತ್ರೀಕರಣ ನಡೆಯಿತು. ಅಡುಗೆಮನೆಯ ಗೋಡೆಗೆ ತೇವ ಅಳೆಯುವ ಯಂತ್ರವನ್ನು ಒತ್ತಿದಾಗ ಅದು ಹಸಿದ ಕೂಸಿನಂತೆ ಕಿರುಚಿತು. ನೆಲದ ಟೈಲ್ಸಿಗೆ ಮರದ ಸುತ್ತಿಗೆ ತಟ್ಟಿ, "ಕೇಳಿ, ಒಳಗೆಲ್ಲ ಪೊಳ್ಳು!" ಎಂದ. ತೊಲೆಯ ಕೆಳಗಿನ ಬಿರುಕಿನಲ್ಲಿ ಬೆರಳಿಟ್ಟು ಆಡಿದ ಮಾತಂತೂ ಮರಣವಾರ್ತೆ ಓದುವವನ ಧಾಟಿಯಲ್ಲಿತ್ತು.

ರಾತ್ರಿಯೇ ಭಾವಮೈದುನ ಜಾಲತಾಣಕ್ಕೆ ಏರಿಸಿದ್ದ ಆ ಮೂರು ನಿಮಿಷದ ವೀಡಿಯೊವನ್ನು ಸೋಮವಾರ ಬೆಳಿಗ್ಗೆ ಹೆಂಡತಿ ನೋಡಿದಳು. ಹೊಗಳಲಿಲ್ಲ.

"ರೀ, ಮಾಲೀಕರು ಇದನ್ನ ನೋಡಿದ್ರೆ?"

ಗೋಡೆ ಗೋಡೆಯನ್ನೂ ಪರೀಕ್ಷಿಸಿದ್ದವನು ಇದೊಂದನ್ನು ಯೋಚಿಸಿರಲಿಲ್ಲ.

"ಮುಂದಿನ ರೂಮಲ್ಲಿ ಮೂವತ್ತು ಮಕ್ಕಳಿಗೆ ಪಾಠ ಹೇಳಿ ಈ ಮನೆ ನಡೆಸ್ತಾ ಇದೀನಿ. ಎದ್ದು ಹೋಗಿ ಅಂದ್ರೆ ಅಷ್ಟು ಮಕ್ಕಳನ್ನ ಎಲ್ಲಿ ಕೂರಿಸ್ಲಿ, ನಿಮ್ಮ ತಲೆ ಮೇಲಾ?"

ಇರಲಾರದೆ ಇರುವೆ ಬಿಟ್ಟುಕೊಂಡೆನಲ್ಲ ಎಂದು ಪರಿತಪಿಸುತ್ತ ಅವನು ಭಾವಮೈದುನನಿಗೆ ಫೋನು ಮಾಡಿದ. ವೀಡಿಯೊ ಇದ್ದದ್ದು ಅವನ ಖಾತೆಯಲ್ಲಿ. ಅವನಿದ್ದದ್ದು ಯಾರದೋ ಮದುವೆಯ ಚಿತ್ರೀಕರಣದಲ್ಲಿ.

"ತೆಗೆದುಬಿಡೋ ಮಾರಾಯ, ಈಗಲೇ!"

"ಏನ್ ಭಾವ, ಹುಚ್ಚಾ? ಆರುನೂರು ಜನ ನೋಡಿದಾರೆ! ಸಂಜೆ ಮಾತಾಡೋಣ, ಇಲ್ಲಿ ಹುಡುಗಿ ಅಳ್ತಾ ಇದಾಳೆ, ಅದನ್ನ ಹಿಡೀಬೇಕು."

ಕರೆ ನಿಂತಿತು. ಆರುನೂರರಲ್ಲಿ ಮಾಲೀಕರು ಎಷ್ಟನೆಯವರೋ ಎಂದು ಬೆವರುತ್ತ ಹೊರಬಂದವನನ್ನು ಎದುರುಮನೆಯ ದರ್ಜಿ ಕತ್ತರಿ ಹಿಡಿದೇ ಮಾತಾಡಿಸಿದ.

"ಏನ್ ಸ್ವಾಮಿ, ನಿಮ್ಮನೆ ಬೀಳುತ್ತಂತೆ? ನಮ್ಮ ಕಡೆಗೋ, ಆ ಕಡೆಗೋ? ಮೊದಲೇ ಹೇಳ್ಬಿಡಿ, ಮಷೀನು ಒಳಗೆ ಎಳ್ಕೊಳ್ತೀನಿ."

"ನೀವೂ ನೋಡಿದ್ರಾ?"

"ನೋಡೋದೇನು, ನಮ್ಮ ಬೀದಿ ವಾಟ್ಸಾಪ್ ಗುಂಪಿಗೂ ಹಾಕಿದೆ. ಪಾಪ, ನಾಲ್ಕು ಜನ ನಿಮ್ಮನ್ನ ಕರೀಲಿ ಅಂತ."

"ಆ ಗುಂಪಲ್ಲಿ... ನಮ್ಮ ಮಾಲೀಕರು ಇದಾರಾ?"

"ಇದಾರಾ ಅಂದ್ರೆ? ಗುಂಪು ಮಾಡಿದ್ದೇ ಅವರು!"

ಪರೀಕ್ಷಕ ಓಡಿಬಂದು ಕದ ಹಾಕಿದ. ಬಿರುಕು ಮುಚ್ಚಲು ಗಾರೆಯಿರಲಿಲ್ಲ, ಟೂತ್‌ಪೇಸ್ಟ್ ಇತ್ತು. ಏಣಿ ಹತ್ತಿ ಒಂದು ಟ್ಯೂಬನ್ನು ಪೂರ್ತಿ ಹಿಂಡಿದ. ತೇವದ ಗೋಡೆಗೆ ಕಪಾಟನ್ನು ಅಡ್ಡ ಎಳೆಯಹೋದರೆ ಅದರ ಕಾಲು ತಗುಲಿ ಎರಡು ಟೈಲ್ಸು ಎದ್ದವು. ಅವುಗಳ ಮೇಲೆ ಚಾಪೆ ಹಾಸಿದ. ಮಧ್ಯಾಹ್ನದ ಹೊತ್ತಿಗೆ ಮನೆ, ಪರೀಕ್ಷೆಗೆ ಚೀಟಿ ಬಚ್ಚಿಟ್ಟುಕೊಂಡು ಬಂದ ವಿದ್ಯಾರ್ಥಿಯಂತೆ ಮುಗ್ಧವಾಗಿ ನಿಂತಿತ್ತು.

ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಊರುಗೋಲು ಹಿಡಿದು ಮಾಲೀಕರು ನಿಂತಿದ್ದರು.

"ನಿನ್ನ ವೀಡಿಯೊ ನೋಡ್ದೆ ಕಣಯ್ಯ. ಎಲ್ಲಿ, ಆ ಬಿರುಕು ತೋರ್ಸು."

"ಬಿರುಕೆಲ್ಲಿ ಸಾರ್, ಬರೀ ಬಣ್ಣ ಒಡೆದಿದೆ," ಎಂದ ಪರೀಕ್ಷಕ.

"ತೇವ?"

"ಆ ಯಂತ್ರ ಸರಿಯಿಲ್ಲ ಸಾರ್. ಒಣಗಿದ ಬಟ್ಟೆಗೂ ಕಿರುಚುತ್ತೆ."

ಮಾಲೀಕರ ಮುಖ ಬಾಡಿತು. "ಅಂದ್ರೆ ಮನೆ ಗಟ್ಟಿಯಾಗಿದೆ ಅಂತೀಯ? ಛೆ! ನಿನ್ನ ಕೈಲಿ ಒಂದು ವರದಿ ಬರೆಸೋಣ ಅಂತ ಬಂದೆ. ನೀನು ನೋಡಿದ್ರೆ ಕ್ಯಾಮೆರಾ ಮುಂದೆ ಒಂದು, ನನ್ನ ಮುಂದೆ ಒಂದು. ಕಟ್ಟಡದ ವಿದ್ಯೆ ಓದಿದ್ದು ಸುಳ್ಳೋ, ವೀಡಿಯೊ ಸುಳ್ಳೋ?"

ಐದು ತಿಂಗಳಲ್ಲಿ ಮೊದಲ ಗಿರಾಕಿ! ಅದರ ಮೇಲೆ ವಿದ್ಯೆಯನ್ನೇ ಹಂಗಿಸಿದ ಮಾತು. ಪರೀಕ್ಷಕನ ಎದೆಯಲ್ಲಿ ಭಯ ಹಿಂದೆ ಸರಿದು ಸ್ವಾಭಿಮಾನ ಮೈಕೊಡವಿ ಎದ್ದಿತು.

"ಸಾರ್, ವಿದ್ಯೆ ವಿಷಯಕ್ಕೆ ಬರಬೇಡಿ," ಎನ್ನುತ್ತ ಏಣಿ ಹತ್ತಿ ಪೇಸ್ಟನ್ನೆಲ್ಲ ಕೆರೆದ. "ಬೆರಳಿಟ್ಟು ನೋಡಿ! ಇದು ಬಣ್ಣ ಒಡೆದಿದ್ದಲ್ಲ, ತೊಲೇನೇ ಬಾಗಿದೆ. ಇಲ್ಲಿ ಚಾಪೆ ಎತ್ತಿ!"

"ಹಾಗಾದ್ರೆ ಜನ ವಾಸ ಮಾಡಬಹುದೋ, ಬಾರದೋ?"

"ಒಂದು ದಿನಾನೂ ಮಾಡಬಾರದು ಸಾರ್!"

ಹೆಂಡತಿ ಒಳಗಿನಿಂದ ಎರಡು ಸಲ ಕೆಮ್ಮಿದಳು. ವೃತ್ತಿಯ ಆವೇಶದಲ್ಲಿದ್ದವನಿಗೆ ಕೆಮ್ಮು ಕೇಳಿಸೀತೆ? ಅಚ್ಚುಕಟ್ಟಾಗಿ ಎರಡು ಪುಟ ಬರೆದು, ಸಹಿ ಮಾಡಿ, ಇದುವರೆಗೆ ಶಾಯಿ ಕಂಡಿರದ ಮೊಹರನ್ನು ಒತ್ತಿದ. ಮಾಲೀಕರು ಓದಿ ಅವನ ಬೆನ್ನು ತಟ್ಟಿದರು.

"ನಿನ್ನಿಂದ ಉಪಕಾರ ಆಯ್ತಪ್ಪ. ಇದನ್ನ ಕೆಡವಿ ಮೂರು ಮಹಡಿ ಎಬ್ಬಿಸ್ಬೇಕು ಅಂತ ನಾಲ್ಕು ವರ್ಷದಿಂದ ಅಲೀತಾ ಇದೀನಿ. ಬಾಡಿಗೆಯವರಿದಾರೆ, ವಾಸಕ್ಕೆ ಯೋಗ್ಯವಲ್ಲ ಅಂತ ತಿಳಿದವರ ಸಹಿ ತನ್ನಿ, ಇಲ್ಲದಿದ್ರೆ ಅವರು ತಕರಾರು ತೆಗೀತಾರೆ ಅಂತ ನಗರಸಭೆ ಕಚೇರಿಯವರು ಓಡಿಸ್ತಿದ್ರು." ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. "ಇನ್ನೆಲ್ಲಿ ತಕರಾರು? ಬಾಡಿಗೆಯವರೇ ಸಹಿ ಹಾಕಿದಾರೆ! ತಿಂಗಳ ಕೊನೆಗೆ ಬೀಗದ ಕೈ ಕೊಟ್ಬಿಡು."

ತಾನೇ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಪರೀಕ್ಷಕ ಏಣಿಯ ಕೆಳಮೆಟ್ಟಿಲ ಮೇಲೆ ಕುಸಿದ. ಊರುಗೋಲಿನ ಸದ್ದು ಬೀದಿಯಲ್ಲಿ ಕರಗುವ ಮೊದಲೇ ಅವನ ಫೋನು ಮೊಳಗಿತು. ಗುರುತಿಲ್ಲದ ಸಂಖ್ಯೆ.

"ಮನೆ ಪರೀಕ್ಷೆ ಮಾಡೋರಾ? ನಿಮ್ಮ ವೀಡಿಯೊ ನೋಡ್ದೆ. ಸ್ಕೂಲಿಗೆ ಹತ್ತಿರ ಒಂದು ಮನೆ ಬಾಡಿಗೆಗಿದೆ, ಮುಂದೆ ದೊಡ್ಡ ರೂಮು. ಇನ್ನೂ ಯಾರಿಗೂ ಗೊತ್ತಿಲ್ಲ. ನೀವು ನೋಡಿ ಗಟ್ಟಿಯಾಗಿದೆ ಅಂದ್ರೆ ನಾಳೇನೇ ಮುಂಗಡ ಕೊಡ್ತೀನಿ."

ಪರೀಕ್ಷಕ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಫೋನನ್ನು ಕಸಿದುಕೊಂಡಿದ್ದಳು.

"ವಿಳಾಸ ಹೇಳಿ ಅಣ್ಣ, ಈಗಲೇ ಬರ್ತಾರೆ. ಆದ್ರೆ ಈಗಲೇ ಹೇಳ್ಬಿಡ್ತೀನಿ, ಗಟ್ಟಿಯಾಗಿದ್ರೆ ಅದು ನಮಗೆ!"

ಆ ಕಡೆಯಿಂದ ಕರೆ ಕಡಿದುಹೋಯಿತು.